ಕನ್ನಡಿ ಎಂದರೆ ಕನ್ನಡಕವಲ್ಲ

ರಸ್ತೆ ಮತ್ತು ವಾಹನ ಇಲಾಖೆಯ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿಯ ಕಾರಿನ ಬಲಗನ್ನಡಿ ಒಡೆದಿದೆ. ಕನ್ನಡಿ. ದಯವಿಟ್ಟು ಆ ಪದವನ್ನು ಇನ್ನೊಮ್ಮೆ ಓದಿಕೊಳ್ಳಿ, ಏಕೆಂದರೆ ಇದುವರೆಗೆ ನಿಮ್ಮ ಇಲಾಖೆಯಲ್ಲಿ ಯಾರೂ ಅದನ್ನು ಕೊನೆಯ ಅಕ್ಷರದವರೆಗೆ ಓದಿದಂತಿಲ್ಲ. ಒಡೆದದ್ದು ಕನ್ನಡಿ. ನೀವು ಬರೆದುಕೊಂಡದ್ದು ಕನ್ನಡಕ. ಕಿತ್ತುಕೊಂಡದ್ದು ಅವಳ ಚಾಲನಾ ಪರವಾನಗಿ. ‘ಮಾನ್ಯರೇ’ ಎಂದು ಆರಂಭಿಸುವುದು ವಾಡಿಕೆ ಎಂದು ಬಲ್ಲೆ; ಹಿಂದಿನ ಅರ್ಜಿಗಳನ್ನೆಲ್ಲ ಹಾಗೆಯೇ ಆರಂಭಿಸಿದ್ದೆ. ಆ ಸಂಬೋಧನೆಯನ್ನು ಸದ್ಯಕ್ಕೆ, ವಿಚಾರಣೆ ಮುಗಿಯುವ ತನಕ, ನಾನೂ ಅಮಾನತಿನಲ್ಲಿ ಇಟ್ಟಿದ್ದೇನೆ.

ಊರಿನಲ್ಲಿ ಕನ್ನಡಿ ಒಡೆಯದ ಕಾರು ಎಷ್ಟಿದ್ದಾವು, ಅದಕ್ಕೊಂದು ಬಹಿರಂಗ ಪತ್ರವೇ ಎಂದು ಓದುಗರು ಕೇಳಬಹುದು. ಬೇರೆಯವರ ಕಾರಿನಲ್ಲಿ ಕನ್ನಡಿ ಬರೀ ಕನ್ನಡಿ. ನನ್ನ ಹೆಂಡತಿಗೆ ಅದು ಕಿವಿ. ಮೂವತ್ತರ ಆಸುಪಾಸಿನಲ್ಲಿ ಬಂದ ಒಂದು ಜ್ವರ, ಅದಕ್ಕೆ ಕೊಟ್ಟ ಔಷಧ, ಎರಡೂ ಸೇರಿ ಅವಳಿಗೆ ಏನೂ ಕೇಳಿಸದಂತೆ ಮಾಡಿದವು. ಆಮೇಲೆ ಅವಳು ಹೊಸದಾಗಿ ಕಲಿತದ್ದು ಎರಡು ವಿದ್ಯೆ: ಎದುರಿನವರ ತುಟಿ ನೋಡಿ ಮಾತು ಹಿಡಿಯುವುದು ಮತ್ತು ಕಾರು ಓಡಿಸುವುದು. ಎರಡನೆಯದಕ್ಕೆ ನೀವೇ ಅನುಮತಿ ಕೊಟ್ಟಿರಿ, ಒಂದು ಷರತ್ತಿನ ಮೇಲೆ: ‘ವಾಹನದ ಎರಡೂ ಹೊರಗನ್ನಡಿಗಳು ಸದಾ ಸುಸ್ಥಿತಿಯಲ್ಲಿ ಇರತಕ್ಕದ್ದು.’ ನ್ಯಾಯವಾದ ಷರತ್ತು. ಹಾರನ್ ಕೇಳಿಸದವರು ಹಿಂದೆ ಬರುವುದನ್ನು ಕಣ್ಣಿನಿಂದಲೇ ಕೇಳಿಸಿಕೊಳ್ಳಬೇಕು. ಇಷ್ಟು ವರ್ಷದಲ್ಲಿ ಅವಳ ಕಾರು ಯಾರಿಗೂ, ಯಾವುದಕ್ಕೂ ತಾಗಿದ್ದಿಲ್ಲ. ತಾಗಿದ್ದೆಲ್ಲ ಬೇರೆಯವು ಬಂದು ತಾಗಿದ್ದು.

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿ, ಕಲಿಸುವವನ ರಕ್ತದೊತ್ತಡ ಏರಿಸಿ ವಾಪಸು ಬಂದವನು. ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಏಕೆಂದರೆ ಮುಂದಿನ ಸೀಟು ಹಲ್ಲುಗಳದ್ದು. ಅವಳು ಕೃತಕ ಹಲ್ಲು ತಯಾರಿಸುವವಳು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಮರಳಿಸುತ್ತಾಳೆ. ನಮ್ಮ ಮನೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಸದಾ ಊರಿನ ಹತ್ತಾರು ಬಾಯಿಗಳು ತೆರೆದುಕೊಂಡು ಕೂತಿರುತ್ತವೆ. ‘ಇವರ ಮಾತೊಂದೇ ನೋಡಿ, ನನಗೂ ನಿಮಗೂ ಒಂದೇ ಥರ ಕೇಳ್ಸೋದು’ ಎನ್ನುತ್ತಾಳೆ. ಹಸಿ ಪ್ಲಾಸ್ಟರ್ ಕುಲುಕಾಟ ತಡೆಯುವುದಿಲ್ಲ, ಅದಕ್ಕೇ ಕಾರು. ತಟ್ಟೆಯಲ್ಲಿ ದವಡೆಗಳನ್ನು ಜೋಡಿಸಿ, ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದು, ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಹೋಗುತ್ತಾಳೆ. ರಜೆಯ ದಿನ ನಾನೂ ಜೊತೆಗಿರುತ್ತೇನೆ. ಸಿಗ್ನಲ್‌ನಲ್ಲಿ ನಿಂತಾಗ ಒಳಗನ್ನಡಿಯಲ್ಲಿ ನನ್ನ ತುಟಿ ಓದುತ್ತಾಳೆ. ಹಾಗಾಗಿ ನಮ್ಮ ಜಗಳಗಳೆಲ್ಲ ಕೆಂಪು ದೀಪದಲ್ಲಿ ನಡೆಯುತ್ತವೆ. ಹಸಿರು ಬಿದ್ದರೆ ಅವಳು ಗೆದ್ದಂತೆ.

ಈಗ ನಮ್ಮ ಓಣಿಯ ವಿಷಯ. ಅಗಲವಾದ ಓಣಿಯಲ್ಲ, ಆದರೂ ಒಂದು ಸಾಲು ಕಾರು ನಿಂತು, ಪಕ್ಕದಲ್ಲಿ ಇನ್ನೊಂದು ಗಾಡಿ ಹಾಯಲು ಸಾಕಾಗುತ್ತಿತ್ತು. ಹೋದ ವರ್ಷ ನಿಮ್ಮವರು ಕಾರು ನಿಲ್ಲಿಸುವ ಜಾಗಕ್ಕೆ ಬಿಳಿ ಚೌಕಗಳನ್ನು ಎಳೆಯಲು ಬಂದರು. ಆ ದಿನ ಗೋಡೆಯ ಬದಿಯಲ್ಲಿ ಚರಂಡಿ ಮುಚ್ಚಲು ತಂದ ಕಲ್ಲು ಚಪ್ಪಡಿಗಳ ರಾಶಿ ಬಿದ್ದಿತ್ತು. ಚಪ್ಪಡಿಯೂ ನಿಮ್ಮದೇ, ಬಣ್ಣವೂ ನಿಮ್ಮದೇ. ಆದರೆ ಚಪ್ಪಡಿ ಸರಿಸುವುದು ಬಣ್ಣದವರ ಕೆಲಸವಲ್ಲವಂತೆ. ರಾಶಿಯನ್ನು ಬಿಟ್ಟು, ಒಂದು ಮೊಳ ಈಚೆಗೆ ಗೆರೆ ಎಳೆದು ಹೋದರು. ಆಮೇಲೆ ಚಪ್ಪಡಿಗಳು ಹೋದವು, ಗೆರೆ ಉಳಿಯಿತು. ಈಗ ಗೋಡೆಗೂ ಕಾರುಗಳಿಗೂ ನಡುವೆ ಒಂದು ಮೊಳದ ಓಣಿಯೊಳಗಿನ ಓಣಿ ಇದೆ. ಬೆಕ್ಕುಗಳು ನಿಮ್ಮ ಇಲಾಖೆಗೆ ಕೃತಜ್ಞವಾಗಿವೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಚಕ್ರ ಗೆರೆ ದಾಟಿತೆಂದು ದಂಡ. ಗೆರೆಯೊಳಗೆ ನಿಲ್ಲಿಸಿದರೆ ಕನ್ನಡಿ ರಸ್ತೆಯ ಪಾಲು. ಸಾಲದ್ದಕ್ಕೆ, ದೊಡ್ಡ ರಸ್ತೆಯ ಕೆಲಸ ಮುಗಿಯುವವರೆಗೆ ತಾತ್ಕಾಲಿಕವಾಗಿ ಎಂದು ಹೇಳಿ ಬಸ್ಸುಗಳನ್ನೂ ಇತ್ತ ತಿರುಗಿಸಿದಿರಿ. ತಾತ್ಕಾಲಿಕ ಎಂಬ ಪದಕ್ಕೆ ನಿಮ್ಮಲ್ಲಿ ಏನು ಅರ್ಥವಿದೆಯೋ ತಿಳಿಯುವ ಕುತೂಹಲ ನನಗಿದೆ.

ಅಂದಿನಿಂದ ಓಣಿಯ ಜನ ಕನ್ನಡಿಯ ಸುತ್ತ ಬದುಕುವುದನ್ನು ಕಲಿತಿದ್ದಾರೆ. ಒಬ್ಬರು ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸುತ್ತಾರೆ, ಒಬ್ಬರು ಸ್ಪಂಜು ಕಟ್ಟುತ್ತಾರೆ. ಒಡೆದ ಜಾಗಕ್ಕೆ ಗಡ್ಡ ಹೆರೆಯುವ ಕನ್ನಡಿಯನ್ನೇ ಅಂಟಿಸಿಕೊಂಡವರೂ ಇದ್ದಾರೆ. ಅವರಿಗೆ ಹಿಂದಿನ ಲಾರಿ ಕಾಣುವುದಿಲ್ಲ, ತಮ್ಮ ಮುಖ ಚೆನ್ನಾಗಿ ಕಾಣುತ್ತದೆ. ಮೂಲೆಮನೆಯ ನಿವೃತ್ತ ಕಂಡಕ್ಟರ್ ಒಬ್ಬರಿಗೆ ಬಸ್ಸಿನ ವೇಳೆ ಇನ್ನೂ ಮೈಯಲ್ಲಿದೆ. ಬಸ್ಸು ತಿರುವಿಗೆ ಬರುವ ಮೊದಲೇ ಹೊರಬಂದು ಎಲ್ಲರ ಕನ್ನಡಿ ಮಡಚುತ್ತಾ ಹೋಗುತ್ತಾರೆ. ಅವರಿಗೆ ಮಡಚಣ್ಣ ಎಂದೇ ಹೆಸರು ಬಿದ್ದಿದೆ. ನನ್ನ ಹೆಂಡತಿಯ ಹಳೆಯ ಕಾರಿನ ಕನ್ನಡಿ ಮಾತ್ರ ಮಡಚುವ ಜಾತಿಯದಲ್ಲ.

‘ನಿನ್ ಕಾರೂ ನಿನ್ ಥರಾನೇ ಕಣಮ್ಮ ತಂಗಿ, ಬಗ್ಗಲ್ಲ’ ಎಂದರು ಒಮ್ಮೆ.

‘ಬಗ್ಗಿದ್ರೆ ನನ್ನೂ ಮಡಚಿ ಇಡ್ತಿದ್ರಿ ಅಣ್ಣ’ ಎಂದಳು.

ಮೊದಲ ಸಲ ಒಡೆದಾಗ ಹಾಕಿಸಿದಳು. ಎರಡನೆಯ ಸಲ ಒಡೆದಾಗಲೂ ಹಾಕಿಸಿದಳು. ಮೂರನೆಯ ಸಲ ಮೆಕ್ಯಾನಿಕ್ ಎದ್ದು ನಿಂತು, ಕೈ ಒರೆಸಿಕೊಂಡು, ಅವಳಿಗೆ ಕಾಣುವಂತೆ ಮುಖ ಎತ್ತಿ ಹೇಳಿದ: ‘ಅಕ್ಕಾ, ಈ ಮಾಡೆಲ್ ಕನ್ನಡಿ ಈಗ ಯಾರೂ ಮಾಡ್ತಿಲ್ಲ. ಬೇರೆ ಕಾರಿಂದು ತಂದು ಹೆಂಗೋ ಕೂರಿಸಿದೀನಿ. ಇದೂ ಹೋದ್ರೆ ನನ್ ಹತ್ರ ಬರ್ಬೇಡಿ. ಆ ಗೆರೆ ಎಳೆದೋರ ಹತ್ರ ಹೋಗಿ.’ ಅವಳು ಆಗಲಿ ಎಂದಳು; ಅದೂ ಒಡೆದಾಗ ಹಾಗೆಯೇ ಮಾಡಿದಳು. ಅವಳ ಜೀವನದಲ್ಲಿ ಯಾರಾದರೂ ಕೊಟ್ಟ ಅತ್ಯಂತ ಕೆಟ್ಟ ಸಲಹೆ ಅದು.

ನಿಮ್ಮ ಕಚೇರಿಯ ಕೆಳಮಹಡಿಯಲ್ಲಿ ಗಾಜಿನ ಕಿಟಕಿ ಇದೆ. ಹೊರಗೆ ನಿಂತವರು ಹೇಳಬೇಕು, ಒಳಗೆ ಕೂತವರು ಟೈಪು ಮಾಡಿಕೊಳ್ಳಬೇಕು. ಅಲ್ಲಿದ್ದ ಗುಮಾಸ್ತ ಒರಟನಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಒರಟರಿಂದ ಆದ ಹಾನಿಯನ್ನು ಹೇಗೋ ಎದುರಿಸಬಹುದು. ಆತ ಅವಳಿಗೆ ಕುರ್ಚಿ ಕೊಡಿಸಿದ, ನೀರು ಬೇಕೇ ಎಂದು ಕೇಳಿದ. ಅವಳು ಹೇಳಿದಳು: ‘ಕಾರಿನ ಬಲಗಡೆ ಕನ್ನಡಿ ಪದೇ ಪದೇ ಒಡೀತಿದೆ. ಗೆರೆ ಸರಿ ಮಾಡಿಸ್ಕೊಡಿ.’ ತಮ್ಮ ಮಾತು ತಮಗೇ ಕೇಳಿಸದವರಲ್ಲಿ ಪದಗಳ ತುದಿ ನಿಧಾನವಾಗಿ ಸವೆಯುತ್ತದೆ. ಆತನಿಗೆ ಕನ್ನಡ ಎಂಬಲ್ಲಿಯವರೆಗೆ ಕೇಳಿಸಿತು. ಉಳಿದದ್ದನ್ನು ತಾನೇ ತುಂಬಿಕೊಂಡು, ಖಚಿತಪಡಿಸಿಕೊಳ್ಳೋಣವೆಂದು, ‘ಕನ್ನಡಕಾನಾ ಮೇಡಂ?’ ಎಂದು ಕೇಳುತ್ತ ಪರದೆಯ ಕಡೆ ತಿರುಗಿದ. ಅವಳು ಹೌದೆಂದಳು.

ನಾನು ವೃತ್ತಿಯಿಂದ ಕರಡು ತಿದ್ದುವವನು. ಬೇರೆಯವರ ಒಂದಕ್ಷರದ ತಪ್ಪಿನಿಂದ ಹೊಟ್ಟೆ ಹೊರೆಯುವವನು. ಆದರೂ ಅವಳೇಕೆ ಹೌದೆಂದಳು ಎಂಬುದು ನನಗೆ ಆಮೇಲೆ, ಅಡುಗೆಮನೆಯಲ್ಲಿ ಅವಳೆದುರು ಕೂತು ಆ ಪದವನ್ನು ಸದ್ದಿಲ್ಲದೆ ಹೇಳಿ ತೋರಿಸಿದಾಗ ಹೊಳೆಯಿತು. ಪ, ಬ, ಮ ಇವು ತುಟಿಯಲ್ಲಿ ಹುಟ್ಟುವ ಅಕ್ಷರಗಳು; ಯಾರಾದರೂ ನೋಡಬಹುದು. ಕ ಹುಟ್ಟುವುದು ಗಂಟಲಿನಲ್ಲಿ. ಶಾಲೆಯಲ್ಲಿ ನಾವೆಲ್ಲ ಕಂಠ್ಯ ಎಂದು ಬಾಯಿಪಾಠ ಮಾಡಿ ಮರೆತೆವು. ಅವಳಿಗೆ ಅದು ವ್ಯಾಕರಣವಲ್ಲ. ತುಟಿ ಓದುವವರ ಪಾಲಿಗೆ ಕ ಎಂಬ ಅಕ್ಷರವೇ ಇಲ್ಲ. ಅದಿರುವ ಕಡೆ ಬಾಯಿ ಸುಮ್ಮನೆ ತೆರೆದುಕೊಂಡಿರುತ್ತದೆ. ಅವಳು ಕಾಣದ ಅಕ್ಷರಕ್ಕೆ, ಮುಖ ತಿರುಗಿಸಿಕೊಂಡ ಬಾಯಿಗೆ, ನಂಬಿಕೆಯಿಂದ ತಲೆಯಾಡಿಸಿ ಬಂದಿದ್ದಳು.

ಆದೇಶ ಬಂತು. ನಿಮ್ಮ ಸಹಿ ಇರುವುದರಿಂದ ನೀವು ಓದಿರುವಿರಿ ಎಂದು ಭಾವಿಸುವುದು ಉದ್ಧಟತನವಾದೀತು. ಆದ್ದರಿಂದ ಸಾರಾಂಶ ಹೇಳುತ್ತೇನೆ. ಅರ್ಜಿದಾರರು ಕಾರಿನಲ್ಲಿರುವಾಗ ಅವರ ಬಲಗಡೆಯ ಕನ್ನಡಕ ಪದೇ ಪದೇ ಒಡೆಯುತ್ತಿದೆ. ಪರವಾನಗಿಯಲ್ಲಿ ಕನ್ನಡಕದ ಉಲ್ಲೇಖವಿಲ್ಲ. ಆದ್ದರಿಂದ ದೃಷ್ಟಿದೋಷವನ್ನು ಮರೆಮಾಚಿದಂತೆ ಕಂಡುಬರುತ್ತದೆ. ಈಗಾಗಲೇ ಶ್ರವಣದೋಷ ಇರುವುದರಿಂದ, ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ, ಪರವಾನಗಿಯನ್ನು ಅಮಾನತು ಮಾಡಲಾಗಿದೆ. ಗೆರೆ ಸರಿಪಡಿಸುವ ಕೋರಿಕೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಕನ್ನಡಕದ ಅಂಗಡಿಯನ್ನು ಸಂಪರ್ಕಿಸುವುದು.

ಅವಳು ನಕ್ಕಳು. ಆಗ ಇನ್ನೂ ನಗುತ್ತಿದ್ದಳು. ‘ಕಿವಿ ಹೋಗಿತ್ತು, ಈಗ ಕಣ್ಣೂ ತೆಗೆದ್ರು. ಮೂಗಿನ ನೋಟೀಸು ಯಾವಾಗ ಬರುತ್ತಂತೆ?’

ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಗೋಡೆಗೆ ತೂಗುಹಾಕಿದ ಅಕ್ಷರಗಳ ಹಾಳೆಯಲ್ಲಿ ಕೊನೆಯ ಸಾಲನ್ನೂ ಓದಿ ಮುಗಿಸಿ, ‘ಅದರ ಕೆಳಗೆ ಅಚ್ಚುಮನೆ ವಿಳಾಸ ಇದೆಯಲ್ಲ, ಅದನ್ನೂ ಓದ್ಲಾ?’ ಎಂದು ಕೇಳಿದಳು. ‘ಬೇಡಮ್ಮ, ಅದು ನನಗೇ ಕಾಣಲ್ಲ’ ಎಂದು ಡಾಕ್ಟರರು ಪ್ರಮಾಣಪತ್ರ ಬರೆದುಕೊಟ್ಟರು: ಕನ್ನಡಕದ ಅಗತ್ಯವಿಲ್ಲ. ಅದನ್ನು ಹಿಡಿದು ಇಬ್ಬರೂ ನಿಮ್ಮ ಕಚೇರಿಗೆ ಹೋದೆವು. ಈ ಸಲ ಮೇಲ್ವಿಚಾರಕರ ಕೋಣೆ.

‘ಕಣ್ಣು ಚೆನ್ನಾಗಿದೆ ಅಂತ ಇದೆ. ಹಂಗಾದ್ರೆ ಒಡೆದ ಕನ್ನಡಕ ಯಾರದು ಸಾರ್?’

‘ಯಾರದೂ ಅಲ್ಲ. ಕನ್ನಡಕ ಒಡೆದೇ ಇಲ್ಲ. ಒಡೆದದ್ದು ಕನ್ನಡಿ.’

‘ಅರ್ಜೀಲಿ ಕನ್ನಡಕ ಅಂತಿದೆ.’

‘ಅದು ನಿಮ್ಮವರು ಬರೆದದ್ದು.’

‘ಮೇಡಂನ ಕೇಳಿಯೇ ಬರೆದಿದ್ದಾರೆ. ಹೌದು ಅಂದಿದಾರಂತೆ.’

ನಾನು ಕ ಅಕ್ಷರದ ಕಥೆ ಹೇಳಿದೆ. ಮೇಲ್ವಿಚಾರಕರು ಒಳ್ಳೆಯವರು, ತಮ್ಮ ಮೇಜಿನ ಗಾಜಿನಲ್ಲಿ ಮುಖ ನೋಡಿಕೊಂಡು ಕ, ಕ, ಕ ಎಂದು ಹೇಳಿ ನೋಡಿದರು. ‘ಅರೆ, ಹೌದಲ್ಲ ಸಾರ್! ತುಟಿ ಅಲ್ಲಾಡೋದೇ ಇಲ್ಲ!’ ಎಂದರು. ಪಕ್ಕದ ಮೇಜಿನವರನ್ನೂ ಕರೆದು ಹೇಳಿಸಿದರು. ಸ್ವಲ್ಪ ಹೊತ್ತು ಆ ಕೋಣೆಯಲ್ಲಿದ್ದ ಎಲ್ಲರೂ ಕ ಎನ್ನುತ್ತಿದ್ದರು. ನನ್ನ ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡಿ, ‘ಏನಾಯ್ತು ಎಲ್ರಿಗೂ, ಯಾಕೆ ಬಾಯಿ ತಕ್ಕೊಂಡು ನಿಂತಿದಾರೆ?’ ಎಂದು ನನ್ನನ್ನು ಕೇಳಿದಳು. ನಿಮ್ಮ ಇಲಾಖೆಯ ಬಗ್ಗೆ ನನಗೆ ಭರವಸೆ ಮೂಡಿದ ಕ್ಷಣ ಅದೊಂದೇ. ಮೇಲ್ವಿಚಾರಕರು ಕೂತು, ಕನ್ನಡಕ ಅಳಿಸಿ ಕನ್ನಡಿ ಎಂದು ಬರೆದರು. ಅಭ್ಯಾಸಬಲದಿಂದ ಇಡೀ ವಾಕ್ಯವನ್ನು ಮೊದಲಿಂದ ಓದಿದರು. ನಂತರ ತಲೆ ಎತ್ತಿದರು. ಅವರ ಮುಖದಲ್ಲಿ ನಿಜವಾದ ವಿಷಾದವಿತ್ತು.

‘ಬಲಗಡೆಯ ಕನ್ನಡಿ ಪದೇ ಪದೇ ಒಡೆಯುತ್ತಿದೆ... ಅಂದ್ರೆ ಷರತ್ತು ಮುರಿದಂಗಾಯ್ತಲ್ಲ ಸಾರ್?’

ತಪ್ಪು ಪದಕ್ಕೆ ಅಮಾನತಾದದ್ದು ಸರಿಯಾದ ಪದಕ್ಕೂ ಅಮಾನತಾಯಿತು. ನಾನು ನನ್ನ ಕಸುಬಿನಲ್ಲಿ ಲಕ್ಷಾಂತರ ತಪ್ಪು ತಿದ್ದಿರಬಹುದು. ತಿದ್ದಿದ ಮೇಲೂ ವಾಕ್ಯ ಅಷ್ಟೇ ಕೆಟ್ಟದಾಗಿ ಉಳಿಯಬಲ್ಲದೆಂದು ಅಂದು ತಿಳಿಯಿತು. ಅವಳ ದೂರಿನ ತಿರುಳು ನಿಮ್ಮ ಗೆರೆ ಕನ್ನಡಿ ಒಡೆಯುತ್ತಿದೆ ಎಂಬುದಾಗಿತ್ತು. ನಿಮ್ಮ ಉತ್ತರ: ಕನ್ನಡಿ ಒಡೆದಿರುವುದನ್ನು ನೀವೇ ಒಪ್ಪಿಕೊಂಡಿದ್ದೀರಿ. ಬಿದ್ದವನು ಗುಂಡಿಯ ಬಗ್ಗೆ ದೂರಿದರೆ, ನೆಟ್ಟಗೆ ನಡೆಯದ ಅಪರಾಧಕ್ಕೆ ಅವನ ಕಾಲನ್ನೇ ಜಪ್ತಿ ಮಾಡುತ್ತೀರಾ? ಗೆರೆಯ ವಿಷಯ ಕೇಳಿದರೆ, ‘ಅದು ಮೇಲ್ಮಹಡಿ ಸಾರ್’ ಎಂದರು. ಮೇಲ್ಮಹಡಿಯವರು, ‘ಅಮಾನತು ತೆರವಾದ ಮೇಲೆ ಬನ್ನಿ. ಪರವಾನಗಿ ಇಲ್ಲದೋರಿಗೆ ಗೆರೆ ಯಾಕೆ?’ ಎಂದರು.

ಅಮಾನತು ತೆರವಾಗಬೇಕಾದರೆ ತಪಾಸಣಾಧಿಕಾರಿ ಎರಡೂ ಕನ್ನಡಿಗಳನ್ನು ಕಾರಿನ ಮೇಲೆ ಕಣ್ಣಾರೆ ಕಾಣಬೇಕು. ಕಾರನ್ನು ಪರವಾನಗಿದಾರರೇ ಕಚೇರಿಗೆ ಓಡಿಸಿಕೊಂಡು ಬರಬೇಕು. ಪರವಾನಗಿ ಇಲ್ಲದಿದ್ದರೆ ಓಡಿಸಿಕೊಂಡು ಬರುವಂತಿಲ್ಲ. ಈ ತೊಡಕನ್ನು ನೀವೇ ಗಮನಿಸಿ, ದೊಡ್ಡ ಮನಸ್ಸು ಮಾಡಿ, ಅಧಿಕಾರಿಯನ್ನು ಮನೆಗೇ ಕಳಿಸುವುದಾಗಿ ತಿಳಿಸಿದಿರಿ. ಯಾವ ದಿನ ಎಂದು ತಿಳಿಸಲಿಲ್ಲ. ಬರಬೇಡಿ ಎಂದಿದ್ದ ಮೆಕ್ಯಾನಿಕ್ ಇನ್ನೊಮ್ಮೆ ಬೈದು, ಇನ್ನೊಂದು ಕನ್ನಡಿ ಹುಡುಕಿ, ಎರಡನ್ನೂ ತಿರುಪು ಬಿಚ್ಚಿ ತೆಗೆಯುವಂತೆ ಮಾಡಿಕೊಟ್ಟ. ಬಸ್ಸುಗಳು ಅಧಿಕಾರಿಗಿಂತ ನಿಯತ್ತಿನಿಂದ ಬರುತ್ತವಾದ್ದರಿಂದ, ಅವಳು ಕನ್ನಡಿಗಳನ್ನು ಒಳಗೆ ತಂದು ಹಲ್ಲುಗಳ ನಡುವೆ ಇಟ್ಟುಕೊಂಡು ಕಾದಳು.

ಅಧಿಕಾರಿ ಬಂದ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಅವರು ಜೀಪಿನಲ್ಲೇ ಕೂತು ಹಾರನ್ ಹೊಡೆದರಂತೆ. ಇನ್ನೊಮ್ಮೆ ಓದಿ: ಕಿವಿ ಕೇಳದವಳನ್ನು ಕಿವಿ ಕೇಳದ ಕಾರಣಕ್ಕೆ ತಪಾಸಣೆ ಮಾಡಲು ಬಂದವರು ಬೀದಿಯಲ್ಲಿ ಜೀಪು ನಿಲ್ಲಿಸಿ ಹಾರನ್ ಹೊಡೆದರು. ಮಡಚಣ್ಣ ಓಡಿಹೋಗಿ ಅವಳ ಕೆಲಸದ ಕೋಣೆಯ ದೀಪ ಆರಿಸಿ ಹಚ್ಚಿ ಕರೆದರು. ಅವಳು ಎರಡು ಕೈಯಲ್ಲಿ ಎರಡು ಕನ್ನಡಿ ಹಿಡಿದು ಬೀದಿಗೆ ಓಡಿಬಂದಳು.

‘ಇವೆ, ಇವೆ, ನೋಡಿ ಸಾರ್!’

‘ಕಾರಿಗಿರಬೇಕಮ್ಮ ಕನ್ನಡಿ, ಕೈಗಲ್ಲ.’

‘ಒಂದೇ ನಿಮಿಷ, ತಿರುಪು ಹಾಕಿದ್ರಾಯ್ತು.’

‘ನಾನು ಬಂದಾಗ ಹೆಂಗಿತ್ತೋ ಹಂಗೇ ಬರೀಬೇಕು. ರೂಲು.’

‘ಹಂಗಾದ್ರೆ ಸ್ವಲ್ಪ ನಿಂತ್ಕೊಳ್ಳಿ ಸ್ವಾಮಿ’ ಎಂದರು ಮಡಚಣ್ಣ. ‘ಹಾಕ್ತಾರೆ. ಬಸ್ಸು ಬರುತ್ತೆ. ಅದು ಹೋದ್ಮೇಲೆ ಹೆಂಗಿರುತ್ತೋ ಅದನ್ನೂ ಬರ್ಕೊಂಡು ಹೋಗಿ.’

ಅವರು ನಿಲ್ಲಲಿಲ್ಲ. ವರದಿಯಲ್ಲಿ ‘ಕನ್ನಡಿಗಳು ಇರುವುದಿಲ್ಲ’ ಎಂದು ಬರೆದರು. ಅವಳು ಮರುದಿನ ಕನ್ನಡಿಗಳನ್ನು ಕಾರಿಗೆ ಹಾಕಿ, ಬಂದಾಗ ಬರಲಿ ಎಂದು ಹಾಗೆಯೇ ಬಿಟ್ಟಳು. ಬಲಗನ್ನಡಿಯನ್ನು ಬಸ್ಸು ಒಯ್ದಿತು. ಪತ್ರದ ಮೊದಲ ಸಾಲಿನಲ್ಲಿ ಹೇಳಿದ ಕನ್ನಡಿ ಅದು.

ಈಗ ಅವಳು ಅದೇ ಬಸ್ಸಿನಲ್ಲಿ ಓಡಾಡುತ್ತಾಳೆ. ತೊಡೆಯ ಮೇಲೆ ದವಡೆಗಳ ತಟ್ಟೆ, ಅದರ ಮೇಲೆ ಟವೆಲು. ಪಕ್ಕದಲ್ಲಿ ಕೂತವರು ತಿಂಡಿ ಎಂದುಕೊಂಡು ಆಸೆಯಿಂದ ನೋಡುತ್ತಾರೆ. ಟವೆಲು ಸರಿದಾಗ ಎದ್ದು ಬೇರೆ ಕಡೆ ಹೋಗುತ್ತಾರೆ. ಕುಲುಕಾಟಕ್ಕೆ ಅಚ್ಚುಗಳು ಬಿರುಕು ಬಿಡುತ್ತವೆ. ಇನ್ನೊಮ್ಮೆ ಅಚ್ಚು ಕೊಡಲು ರೋಗಿ ಇನ್ನೊಮ್ಮೆ ಬಾಯಿ ತೆರೆಯಬೇಕು, ವೈದ್ಯರು ಇನ್ನೊಮ್ಮೆ ಬೈಯಬೇಕು. ಒಂದೊಂದಾಗಿ ದವಾಖಾನೆಗಳು ಬೇರೆ ಕಡೆ ಹೋದವು. ಯಾರೂ ಜಗಳವಾಡಲಿಲ್ಲ, ಅಚ್ಚು ಕಳಿಸುವುದನ್ನು ನಿಲ್ಲಿಸಿದರು, ಅಷ್ಟೆ. ಉಳಿದಿರುವುದು ಒಬ್ಬರು ವಯಸ್ಸಾದ ವೈದ್ಯೆ. ‘ನಿನ್ನ ಕೈಕೆಲಸ ಬಿಡೋಕೆ ಮನಸ್ಸಿಲ್ಲ ಕಣೇ, ಆದರೆ ಈ ತಿಂಗಳು ನೋಡ್ತೀನಿ’ ಎಂದಿದ್ದಾರೆ. ಅವರಲ್ಲಿಗೆ ಬರುವ ಒಬ್ಬ ಶಿಕ್ಷಕಿ ಮುಂದಿನ ಹಲ್ಲುಗಳಿಗಾಗಿ ಕಾಯುತ್ತಿದ್ದಾರೆ. ಅಲ್ಲಿಯತನಕ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರಂತೆ. ಅವರು ಏನು ಹೇಳುತ್ತಾರೆಂದು ನನ್ನ ಹೆಂಡತಿಗೆ ತಿಳಿಯುವುದಿಲ್ಲ. ಬಹುಶಃ ಬೈಯುತ್ತಾರೆ.

ಹಿಂದಿನ ವಾರ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿದ್ದೆ. ಅವಳಿಗೆ ಸೀಟು ಸಿಕ್ಕಿತ್ತು, ನಾನು ನಿಂತಿದ್ದೆ. ಬಸ್ಸು ನಮ್ಮ ಓಣಿ ಹಾಯುವಾಗ ಅವಳು ಕಿಟಕಿಯ ಸರಳಿನ ಮೇಲೆ ಅಂಗೈ ಇಟ್ಟಿದ್ದಳು. ನನಗೆ ಏನೂ ಕೇಳಿಸಲಿಲ್ಲ. ಎಂಜಿನ್ನಿನ ಸದ್ದು, ಜನರ ಸದ್ದು. ಅವಳು ಮಾತ್ರ ಕೈಯನ್ನು ಥಟ್ಟನೆ ಹಿಂತೆಗೆದು ನನ್ನ ಕಡೆ ನೋಡಿದಳು.

‘ಯಾರದೋ ಹೋಯ್ತು’ ಎಂದಳು.

ಡ್ರೈವರ್‌ಗೂ ಗೊತ್ತಾಗಿರಲಿಲ್ಲ. ಇಡೀ ಬಸ್ಸಿನಲ್ಲಿ ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ರಸ್ತೆಯಲ್ಲಿ ಇರಲು ಅನರ್ಹಳೆಂದು ನೀವು ತೀರ್ಮಾನಿಸಿರುವುದು ಇವಳನ್ನು.

ಈ ಪತ್ರದ ಕೊನೆಯಲ್ಲಿ ನಾನು ಹಲವು ಬೇಡಿಕೆಗಳನ್ನು ಬರೆದಿದ್ದೆ. ಬಸ್ಸುಗಳನ್ನು ಹಿಂದಕ್ಕೆ ಕರೆಸಿಕೊಳ್ಳಿ, ತಪಾಸಣೆಯ ದಿನ ತಿಳಿಸಿ, ಕಿಟಕಿಯಲ್ಲಿ ಕೂತವರಿಗೆ ಮುಖ ತೋರಿಸಿ ಮಾತಾಡಲು ಹೇಳಿ, ಇತ್ಯಾದಿ. ಅವಳಿಗೆ ಓದಲು ಕೊಟ್ಟೆ. ಓದಿ, ‘ತುಂಬಾ ಉದ್ದ ಆಯ್ತು, ಅವರು ಓದಲ್ಲ ರೀ’ ಎಂದಳು.

‘ಮತ್ತೇನು ಬರೀಲಿ?’

‘ಅಮಾನತು ಬೇಡ, ರದ್ದು ಮಾಡಿ ಅಂತ ಬರೀರಿ.’

ನಾನು ಪೆನ್ನು ಕೆಳಗಿಟ್ಟೆ. ಅವಳೇ ಹೇಳಿದಳು: ‘ಅಮಾನತು ಅಂದ್ರೆ ದಿನಾ ಬೆಳಿಗ್ಗೆ ಎದ್ದು ಕನ್ನಡಿ ಒರೆಸಬೇಕು. ಇವತ್ತು ಬಂದ್ರೆ, ನಾಳೆ ಬಂದ್ರೆ ಅಂತ. ರದ್ದು ಅಂದ್ರೆ ಒರೆಸೋದು ಬಿಡಬಹುದಲ್ಲ.’

ಅವಳ ಮಾತಿನಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ಆದ್ದರಿಂದ ಉಳಿದ ಬೇಡಿಕೆಗಳನ್ನೆಲ್ಲ ಹೊಡೆದುಹಾಕಿದ್ದೇನೆ. ನಮ್ಮ ಓಣಿಯ ಬಿಳಿ ಗೆರೆಯನ್ನು ಒಂದು ಮೊಳ ಗೋಡೆಯ ಕಡೆಗೆ ಸರಿಸಿ. ಅದಾಗದಿದ್ದರೆ ನನ್ನ ಹೆಂಡತಿಯ ಪರವಾನಗಿಯನ್ನು ರದ್ದು ಮಾಡಿ, ಹಾಗೆಂದು ಬರೆದು ಕಳಿಸಿ. ಎರಡರಲ್ಲಿ ನಿಮಗೆ ಯಾವುದು ಸುಲಭವೋ ಅದನ್ನು ಮಾಡಿ. ಯಾವುದು ಸುಲಭವೆಂದು ನನಗೆ ಗೊತ್ತಿದೆ, ಅವಳಿಗೂ ಗೊತ್ತಿದೆ. ನಿಮ್ಮ ಉತ್ತರ ಬರುವ ತನಕ ಅವಳು, ಉಳಿದಿರುವ ಎಡಗನ್ನಡಿಯನ್ನು ಒರೆಸುತ್ತಿರುತ್ತಾಳೆ.

ಇಂತಿ,
ವಿಶ್ವಾಸ ಸವೆಯುತ್ತ ಬಂದಿರುವ,
ಚಾಲಕಿಯೊಬ್ಬಳ ಗಂಡ, ಸದ್ಯ ಬಸ್ಸಿನಲ್ಲಿ ನಿಂತ ಪ್ರಯಾಣಿಕ